‘ಅಪೂರ್ವ’ವೂ ‘ವಿರಳ’ವೂ: ಹಾರ್ಮೋನು ಸ್ರವಿಸುವ ಗಡ್ಡೆಗಳ ರೋಗಿವೃತ್ತಾಂತಗಳನ್ನು ಕುರಿತು

ವೈದ್ಯಪತ್ರಿಕೆಗಳಲ್ಲಿ ಒಬ್ಬನೇ ರೋಗಿಯ ಚರಿತ್ರೆಯನ್ನು ಎರಡು ಮೂರು ಪುಟಗಳಲ್ಲಿ ಹೇಳಿ ಮುಗಿಸುವ ಒಂದು ಬಗೆಯ ಲೇಖನವುಂಟು. ವೈದ್ಯರು ಅದನ್ನು ಕೇಸ್ ರಿಪೋರ್ಟ್ ಎನ್ನುತ್ತಾರೆ. ನಾವು ಇಲ್ಲಿ ರೋಗಿವೃತ್ತಾಂತವೆಂದು ಕರೆಯೋಣ. ಇದು ವಿಮರ್ಶೆಯ ವ್ಯಾಪ್ತಿಗೆ ಬಾರದ ಬರೆಹವೆಂಬುದು ಸಾಮಾನ್ಯವಾದ ಭಾವನೆ. ಆದರೆ ಇದಕ್ಕೂ ಗೊತ್ತಾದ ಒಂದು ರೂಪವಿದೆ, ರೂಢಿಯ ಆರಂಭವಿದೆ, ರೂಢಿಯ ಮುಕ್ತಾಯವಿದೆ. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬ ಸಂಪ್ರದಾಯವಿದೆ. ಇವಿಷ್ಟೂ ಇದ್ದಮೇಲೆ ಅದನ್ನು ವಿಮರ್ಶಕನ ಕಣ್ಣಿನಿಂದ ನೋಡುವುದು ಅನುಚಿತವಾಗಲಾರದು. ಅದರಲ್ಲಿಯೂ ಹಾರ್ಮೋನು ಸ್ರವಿಸುವ ಗಡ್ಡೆಗಳನ್ನು ಕುರಿತ ವೃತ್ತಾಂತಗಳು ವಿಶೇಷವಾದ ಪರಿಶೀಲನೆಗೆ ಅರ್ಹವಾದುವು. ಇವುಗಳ ಶೀರ್ಷಿಕೆಯಲ್ಲಿ ‘ರೇರ್’ ಎಂಬ ಇಂಗ್ಲಿಷ್ ವಿಶೇಷಣ ತಪ್ಪದೆ ಎಂಬಷ್ಟರ ಮಟ್ಟಿಗೆ ಕಾಣಿಸಿಕೊಳ್ಳುತ್ತದೆ. ಕನ್ನಡದಲ್ಲಿ ಇದೇ ವಿಷಯವನ್ನು ಬರೆಯುವವರು ಅದನ್ನು ಒಮ್ಮೆ ‘ಅಪೂರ್ವ’ವೆಂದೂ ಒಮ್ಮೆ ‘ವಿರಳ’ವೆಂದೂ ಭಾಷಾಂತರಿಸುತ್ತಾರೆ, ಎರಡಕ್ಕೂ ಭೇದವಿದೆಯೆಂದು ಯಾರಿಗೂ ತೋರಿದಂತಿಲ್ಲ.

ಭೇದವಿದೆ. ವಿರಳವೆಂದರೆ ಒತ್ತಾಗಿಲ್ಲದ್ದು, ಅಲ್ಲೊಂದು ಇಲ್ಲೊಂದು ಇರತಕ್ಕದ್ದು. ಅದು ವಸ್ತುವಿನ ಇರವನ್ನು ಕುರಿತ ಮಾತು. ಅಪೂರ್ವವೆಂದರೆ ಪೂರ್ವದಲ್ಲಿ ಕಾಣದೆ ಇದ್ದದ್ದು. ಅದು ನೋಡುವವನ ಅನುಭವವನ್ನು ಕುರಿತ ಮಾತು. ಮೊದಲನೆಯದನ್ನು ಹೇಳುವುದಕ್ಕೆ ಎಣಿಕೆ ಬೇಕು. ಎರಡನೆಯದನ್ನು ಹೇಳುವುದಕ್ಕೆ ಇದುವರೆಗೆ ನೋಡದೆ ಇದ್ದರೆ ಸಾಕು. ನಮ್ಮ ಪ್ರಾಂತದ ರೋಗಿವೃತ್ತಾಂತಗಳು ‘ಅಪೂರ್ವ’ವಾದುದನ್ನು ಕಂಡು ‘ವಿರಳ’ವೆಂದು ಬರೆಯುತ್ತಿವೆ ಎಂಬುದೇ ಈ ಲೇಖನದ ಆಕ್ಷೇಪಣೆ. ಇದು ಪದಗಳ ಜಗಳವಲ್ಲ. ವಿರಳವೆಂದು ಒಮ್ಮೆ ಹೇಳಿಬಿಟ್ಟ ರೋಗವನ್ನು ಮುಂದಿನ ರೋಗಿಯಲ್ಲಿ ಯಾರೂ ಹುಡುಕುವುದಿಲ್ಲ. ಈ ಗಡ್ಡೆಗಳಲ್ಲಿ ಹೆಚ್ಚಿನವು ಶಸ್ತ್ರಚಿಕಿತ್ಸೆಯಿಂದ ಪೂರ್ಣವಾಗಿ ವಾಸಿಯಾಗತಕ್ಕವಾದ್ದರಿಂದ, ಹುಡುಕದೆ ಬಿಟ್ಟುದರ ಫಲವನ್ನು ರೋಗಿಯು ಅನುಭವಿಸುತ್ತಾನೆ.

ವಿಷಯವನ್ನು ಹೊಸದಾಗಿ ನೋಡುವ ವಿದ್ಯಾರ್ಥಿಗಳಿಗಾಗಿ ಎರಡು ಮಾತು. ನಮ್ಮ ದೇಹದಲ್ಲಿ ನಾಳಗಳಿಲ್ಲದೆ ನೇರವಾಗಿ ರಕ್ತಕ್ಕೆ ರಸವನ್ನು ಸುರಿಸುವ ಗ್ರಂಥಿಗಳಿವೆ: ಮೆದುಳಿನ ಬುಡದ ಪಿಟ್ಯುಟರಿ, ಕುತ್ತಿಗೆಯ ಥೈರಾಯಿಡ್ ಮತ್ತು ಅದರ ಬೆನ್ನಿಗಿರುವ ಪ್ಯಾರಾಥೈರಾಯಿಡ್, ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್, ಮೇದೋಜೀರಕದೊಳಗಿನ ಇನ್‌ಸುಲಿನ್ ಕಣಗಳು ಇತ್ಯಾದಿ. ಇವುಗಳಲ್ಲಿ ಹುಟ್ಟುವ ಕೆಲವು ಗಡ್ಡೆಗಳು ಗಾತ್ರದಿಂದ ಪೀಡಿಸುವುದಕ್ಕಿಂತ ತಾವು ಸುರಿಸುವ ರಸದಿಂದ ಪೀಡಿಸುತ್ತವೆ. ಕಡಲೆಕಾಳಿನಷ್ಟಿರುವ ಗಡ್ಡೆ ಮನುಷ್ಯನನ್ನು ನೆಲಕ್ಕೆ ಕೆಡವಬಲ್ಲುದು. ಆದ್ದರಿಂದ ಇವು ಗಡ್ಡೆಯ ವೇಷದಲ್ಲಿ ವೈದ್ಯನ ಮುಂದೆ ಬರುವುದಿಲ್ಲ. ರಕ್ತದ ಒತ್ತಡ, ಮೂರ್ಛೆ, ಮೂಳೆನೋವು, ಮನೋವಿಕಾರ ಮೊದಲಾದ ನಿತ್ಯಪರಿಚಿತ ರೋಗಗಳ ವೇಷದಲ್ಲಿ ಬರುತ್ತವೆ.

ಮೊದಲು ಒಂದು ಪ್ರಸಿದ್ಧವಾದ ವೃತ್ತಾಂತವನ್ನು ತೆಗೆದುಕೊಳ್ಳೋಣ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಜೆರೋಮ್ ಕಾನ್ ೧೯೫೫ರಲ್ಲಿ ಮೂವತ್ತನಾಲ್ಕು ವರ್ಷದ ಒಬ್ಬ ಮಹಿಳೆಯ ರೋಗವನ್ನು ವರ್ಣಿಸಿದನು. ಸ್ನಾಯುಗಳ ದೌರ್ಬಲ್ಯ, ಸೆಟೆತ, ಏರಿದ ರಕ್ತದೊತ್ತಡ, ರಕ್ತದಲ್ಲಿ ಪೊಟ್ಯಾಸಿಯಮ್ಮಿನ ಕೊರತೆ. ಅದಕ್ಕೆ ಎರಡು ವರ್ಷ ಮೊದಲಷ್ಟೆ ಪ್ರತ್ಯೇಕಿಸಲ್ಪಟ್ಟಿದ್ದ ಆಲ್ಡೊಸ್ಟೆರಾನ್ ಎಂಬ ಹಾರ್ಮೋನು ಮಿತಿಮೀರಿರಬೇಕೆಂದು ಆತ ತರ್ಕಿಸಿದನು. ಅಡ್ರಿನಲ್ಲಿನಲ್ಲಿ ಗಡ್ಡೆ ದೊರೆಯಿತು. ತೆಗೆದಮೇಲೆ ರೋಗ ನೀಗಿತು. ಬಹಳ ಜನಕ್ಕೆ ಈ ರೋಗ ಇರಬಹುದೆಂದು ಕಾನ್ ಮುಂದೆ ಹೇಳಿದಾಗ ಸಮಕಾಲೀನರು ನಂಬಲಿಲ್ಲ. ಕೆಲವು ದಶಕಗಳ ಕಾಲ ಪಠ್ಯಗ್ರಂಥಗಳು ರಕ್ತದೊತ್ತಡದ ರೋಗಿಗಳಲ್ಲಿ ನೂರಕ್ಕೆ ಒಬ್ಬನಿಗೂ ಈ ಕಾರಣವಿರದೆಂದು ಸಾರಿದುವು. ಏಕೆ? ಪೊಟ್ಯಾಸಿಯಮ್ ಇಳಿದವರಲ್ಲಿ ಮಾತ್ರ ಹುಡುಕುತ್ತಿದ್ದರು. ೧೯೮೧ರಲ್ಲಿ ಜಪಾನಿನ ಸಂಶೋಧಕರು ಆಲ್ಡೊಸ್ಟೆರಾನ್ ಮತ್ತು ರೆನಿನ್‌ಗಳ ಪ್ರಮಾಣವನ್ನು ಹೋಲಿಸುವ ಪರೀಕ್ಷೆಯನ್ನು ಬಳಕೆಗೆ ತಂದರು. ಅದನ್ನು ಪೊಟ್ಯಾಸಿಯಮ್ ಸರಿಯಾಗಿರುವವರಲ್ಲಿಯೂ ಪ್ರಯೋಗಿಸಿದಮೇಲೆ ರಕ್ತದೊತ್ತಡದವರಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಜನಕ್ಕೆ ಈ ಹಾರ್ಮೋನಿನ ಅತಿಸ್ರಾವವಿರುವುದು ಹಲವು ದೇಶಗಳಲ್ಲಿ ಕಂಡುಬಂದಿತು. ಈ ರೋಗಿಗಳಲ್ಲಿ ಹೆಚ್ಚಿನವರ ಪೊಟ್ಯಾಸಿಯಮ್ ಇಳಿದೇ ಇರುವುದಿಲ್ಲ. ಎಂದರೆ ವೈದ್ಯಶಾಸ್ತ್ರವು ಬಾಗಿಲಿನಲ್ಲಿ ಒಂದು ಅಳತೆಗೋಲನ್ನಿಟ್ಟುಕೊಂಡು, ಅದಕ್ಕೆ ಸರಿಹೊಂದಿದವರನ್ನು ಮಾತ್ರ ಒಳಗೆ ಬಿಟ್ಟು, ಒಳಗೆ ಬಂದವರು ಕೆಲವರೇ ಎಂದು ಆಶ್ಚರ್ಯಪಡುತ್ತಿತ್ತು.

ಇನ್ನೊಂದು ಉದಾಹರಣೆ ಇದಕ್ಕಿಂತಲೂ ನಿಚ್ಚಳವಾಗಿದೆ. ಪ್ಯಾರಾಥೈರಾಯಿಡ್ ಗ್ರಂಥಿಯ ಗಡ್ಡೆಯು ರಕ್ತದ ಕ್ಯಾಲ್ಸಿಯಮ್ಮನ್ನು ಏರಿಸಿ ಮೂಳೆಯನ್ನು ಸವೆಸುತ್ತದೆ. ಅಮೆರಿಕದ ಮಿನೆಸೋಟ ಪ್ರಾಂತದ ರಾಚೆಸ್ಟರ್ ನಗರದಲ್ಲಿ ೧೯೭೪ರ ನಡುವಿನಿಂದ ರಕ್ತಪರೀಕ್ಷೆಯ ಯಂತ್ರವು ಕೇಳಲಿ ಬಿಡಲಿ ಕ್ಯಾಲ್ಸಿಯಮ್ಮನ್ನೂ ಅಳೆಯತೊಡಗಿತು. ಅದಕ್ಕೆ ಮೊದಲು ಲಕ್ಷ ಜನಕ್ಕೆ ವರ್ಷಕ್ಕೆ ಎಂಟರಷ್ಟಿದ್ದ ಈ ರೋಗದ ಹೊಸ ಪ್ರಕರಣಗಳು ಮರುವರ್ಷದಲ್ಲಿ ಐವತ್ತೊಂದಕ್ಕೆ ಏರಿದುವು. ಊರಿನ ಜನ ಒಂದು ವರ್ಷದಲ್ಲಿ ಬದಲಾಗಲಿಲ್ಲ. ಅವರ ಕುತ್ತಿಗೆಗಳೂ ಬದಲಾಗಲಿಲ್ಲ.

ಇನ್ನು ನಮ್ಮ ಊರಿಗೆ ಬರೋಣ. ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ೧೯೬೫ರಲ್ಲಿ ಸ್ಥಾಪಿತವಾಯಿತು. ಕಾಲೇಜು, ಬಾಪೂಜಿ ಆಸ್ಪತ್ರೆ, ಇವುಗಳ ನೆರೆಯಲ್ಲಿರುವ ಎಂ.ಸಿ.ಸಿ. ಬಡಾವಣೆ ಒಂದು ವೈದ್ಯನಗರಿಯೇ ಸರಿ. ಅಲ್ಲಿಗೆ ದಾವಣಗೆರೆ ಹರಿಹರಗಳ ಜನ ಮಾತ್ರವಲ್ಲದೆ ಜಗಳೂರು, ಹರಪನಹಳ್ಳಿ, ಚನ್ನಗಿರಿ, ಹೊನ್ನಾಳಿ, ರಾಣೇಬೆನ್ನೂರು ಕಡೆಯವರೂ ಬರುತ್ತಾರೆ. ೨೦೧೧ರ ಜನಗಣತಿಯಲ್ಲಿ ದಾವಣಗೆರೆ ನಗರದ ಜನಸಂಖ್ಯೆ ಸುಮಾರು ನಾಲ್ಕು ಲಕ್ಷದ ಮೂವತ್ತೈದು ಸಾವಿರ. ಇವರಲ್ಲಿ ವಯಸ್ಕರು ಮೂರು ಲಕ್ಷವೆಂದಿಟ್ಟುಕೊಂಡು, ಭಾರತದಲ್ಲಿ ನಾಲ್ವರು ವಯಸ್ಕರಲ್ಲಿ ಒಬ್ಬನಿಗೆ ರಕ್ತದೊತ್ತಡವುಂಟೆಂಬ ಲೆಕ್ಕವನ್ನು ಅನ್ವಯಿಸಿದರೆ ಎಪ್ಪತ್ತೈದು ಸಾವಿರ ಜನ. ಅವರಲ್ಲಿ ನೂರಕ್ಕೆ ಐದೆಂದರೂ ಮೂರು ಸಾವಿರದ ಏಳುನೂರಕ್ಕೆ ಮೇಲ್ಪಟ್ಟು. ಇದು ಒರಟು ಲೆಕ್ಕ. ಪರದೇಶದ ಪ್ರಮಾಣವನ್ನು ನಮ್ಮವರಿಗೆ ಕಣ್ಣುಮುಚ್ಚಿ ಅನ್ವಯಿಸಲಾಗದೆಂಬುದು ನಿಜ. ಇವರೆಲ್ಲರಲ್ಲಿಯೂ ಗಡ್ಡೆಯೇ ಇರುತ್ತದೆಂದೂ ಅಲ್ಲ. ಹೆಚ್ಚಿನವರಲ್ಲಿ ಎರಡು ಅಡ್ರಿನಲ್ಲುಗಳೂ ಸಮವಾಗಿ ಬೆಳೆದಿರುತ್ತವೆ, ಒಂದು ಭಾಗದವರಲ್ಲಿ ಮಾತ್ರ ಒಂದೇ ಕಡೆ ಗಡ್ಡೆಯಿರುತ್ತದೆ. ಇಷ್ಟೆಲ್ಲ ಕಳೆದರೂ ಒಂದು ನಗರದಲ್ಲಿ ನೂರಾರು ಜನರಿಗೆ ಇರಬಹುದಾದ ರೋಗವನ್ನು ‘ವಿರಳ’ವೆಂಬ ಶೀರ್ಷಿಕೆಯಡಿಯಲ್ಲಿ ಮುದ್ರಿಸುವುದು ಹೇಗೆ?

ನಿಜವಾಗಿ ವಿರಳವಾದ ಗಡ್ಡೆಗಳೂ ಇವೆ. ಆ ಮಾತನ್ನು ಮರೆಮಾಚುವುದು ನ್ಯಾಯವಲ್ಲ. ಅಡ್ರಿನಲ್ಲಿನ ಒಳತಿರುಳಿನಲ್ಲಿ ಹುಟ್ಟುವ ಫಿಯೋಕ್ರೋಮೋಸೈಟೋಮ ಎಂಬ ಗಡ್ಡೆ ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಎರಡರಿಂದ ಎಂಟು ಮಂದಿಯಲ್ಲಿ ಕಾಣುತ್ತದೆ. ಆ ಲೆಕ್ಕದಲ್ಲಿ ದಾವಣಗೆರೆ ನಗರಕ್ಕೆ ವರ್ಷಕ್ಕೆ ಒಂದರಿಂದ ಮೂರು. ಆದರೆ ಇಲ್ಲಿಯೂ ಒಂದು ತೊಡಕಿದೆ. ಅಮೆರಿಕದ ಮೇಯೊ ಕ್ಲಿನಿಕ್ಕಿನವರು ೧೯೨೮ರಿಂದ ೧೯೭೭ರವರೆಗಿನ ಐವತ್ತು ವರ್ಷಗಳ ಮರಣೋತ್ತರ ಪರೀಕ್ಷೆಗಳನ್ನು ತಿರುವಿಹಾಕಿದಾಗ ಈ ಗಡ್ಡೆಯ ಐವತ್ತನಾಲ್ಕು ಪ್ರಕರಣಗಳು ಸಿಕ್ಕಿದುವು. ಅವುಗಳಲ್ಲಿ ಮುಕ್ಕಾಲು ಪಾಲಿನವರಿಗೆ ಜೀವಿತಕಾಲದಲ್ಲಿ ರೋಗನಿರ್ಣಯವೇ ಆಗಿರಲಿಲ್ಲ. ಅಷ್ಟು ಹೆಸರಾಂತ ಆಸ್ಪತ್ರೆಯ ಗತಿ ಇದಾದರೆ, ಮರಣೋತ್ತರ ಪರೀಕ್ಷೆಯೆಂಬುದು ಪೊಲೀಸರು ಕೇಳಿದಾಗ ಮಾತ್ರ ನಡೆಯುವ ನಮ್ಮ ಕಡೆಯ ಗತಿಯನ್ನು ವಾಚಕರೇ ಊಹಿಸಬಹುದು. ಬೇರಾವುದೋ ಕಾರಣಕ್ಕೆ ಶಸ್ತ್ರಕ್ರಿಯೆಯ ಮೇಜಿನ ಮೇಲೆ ಮಲಗಿದವನ ಒತ್ತಡ ಇದ್ದಕ್ಕಿದ್ದಂತೆ ಗಗನಕ್ಕೇರಿ ಅವನು ಸತ್ತರೆ ‘ಹೃದಯಾಘಾತ’ವೆಂದು ಬರೆಯುವುದಲ್ಲದೆ ಇನ್ನೇನು ಬರೆಯುತ್ತಾರೆ?

ಈಗ ಬರೆಹಕ್ಕೆ ಬರೋಣ. ರೋಗಿವೃತ್ತಾಂತದ ರೂಢಿಯ ಆಕೃತಿ ಇದು: ಇಂಥ ವಯಸ್ಸಿನ ಸ್ತ್ರೀ ಅಥವಾ ಪುರುಷ ಇಂಥ ಬಾಧೆಯಿಂದ ಬಂದರು, ಇಂಥ ಇಂಥ ಪರೀಕ್ಷೆಗಳಾದುವು, ಚಿತ್ರ ತೆಗೆಯಲಾಯಿತು, ಗಡ್ಡೆ ಸಿಕ್ಕಿತು, ತೆಗೆಯಲಾಯಿತು, ರೋಗಿ ಕ್ಷೇಮ. ಆಮೇಲೆ ಗ್ರಂಥಸಮೀಕ್ಷೆ. ಕೊನೆಯಲ್ಲಿ, ನಮಗೆ ತಿಳಿದಮಟ್ಟಿಗೆ ಈ ಭಾಗದಿಂದ ಇದೇ ಮೊದಲನೆಯದು ಎಂಬ ವಾಕ್ಯ. ಕಥೆಯ ಕಟ್ಟಡವನ್ನು ಬಲ್ಲವರಿಗೆ ಇದರ ನಾಯಕ ಯಾರೆಂಬುದು ಕೂಡಲೆ ತಿಳಿಯುತ್ತದೆ. ನಾಯಕ ರೋಗಿಯಲ್ಲ, ರೋಗನಿರ್ಣಯ. ಆ ನಾಯಕನ ಪ್ರವೇಶಕ್ಕೆ ಮೊದಲು ಕಳೆದುಹೋದ ವರ್ಷಗಳು ಒಂದು ಅರ್ಧವಾಕ್ಯದಲ್ಲಿ ಅಡಗುತ್ತವೆ: ‘ಆರು ವರ್ಷಗಳಿಂದ ಬೇರೆಡೆ ಚಿಕಿತ್ಸೆ ಪಡೆಯುತ್ತಿದ್ದರು’ ಎಂಬಂಥ ಒಂದು ಮಾತು. ಆ ಆರು ವರ್ಷಗಳಲ್ಲಿ ಯಾವ ಊರಿನಲ್ಲಿ, ಯಾವ ಹೆಸರಿನ ರೋಗಕ್ಕೆ, ಯಾವ ಔಷಧ ಕೊಟ್ಟರು, ಯಾವ ಪರೀಕ್ಷೆ ಮಾಡಲಿಲ್ಲ? ಮುಂದಿನ ವೈದ್ಯನಿಗೆ ಅತ್ಯಂತ ಉಪಯುಕ್ತವಾದ ಭಾಗ ಅದು; ವೃತ್ತಾಂತವು ಬಿಡುವ ಭಾಗವೂ ಅದೇ.

ಇದು ಪ್ರಕಾರದ ಸಹಜದೋಷವೆ? ಅಲ್ಲ. ಈ ಪ್ರಕಾರದ ಉತ್ತಮವಾದ ಮಾದರಿ ಬಹಳ ಹಿಂದಿನದು. ಜರ್ಮನಿಯ ಫ್ರೈಬರ್ಗಿನಲ್ಲಿ ಫೆಲಿಕ್ಸ್ ಫ್ರಾಂಕೆಲ್ ಎಂಬ ವೈದ್ಯನು ೧೮೮೬ರಲ್ಲಿ ಹದಿನೆಂಟು ವರ್ಷದ ಒಬ್ಬ ಯುವತಿಯ ಮರಣವನ್ನೂ ಅವಳ ಎರಡು ಅಡ್ರಿನಲ್ಲುಗಳಲ್ಲಿ ಕಂಡ ಗಡ್ಡೆಗಳನ್ನೂ ವಿವರಿಸಿದನು. ಫಿಯೋಕ್ರೋಮೋಸೈಟೋಮ ಎಂಬ ಹೆಸರು ಕೂಡ ಆಗ ಹುಟ್ಟಿರಲಿಲ್ಲ. ಅದು ಬಂದದ್ದು ೧೯೧೨ರಲ್ಲಿ. ತಾನು ಕಂಡದ್ದು ಏನೆಂದು ಫ್ರಾಂಕೆಲ್ಲನಿಗೆ ತಿಳಿಯಲಿಲ್ಲ. ಆದರೆ ಕಂಡದ್ದನ್ನೆಲ್ಲ ಬರೆದನು. ಯಾರ ವಿಷಯ ಬರೆಯುತ್ತಿದ್ದೇನೆಂಬುದು ಮುಂದಿನವರಿಗೆ ಪತ್ತೆಯಾಗುವಂತೆ ಬರೆದನು. ಪರಿಣಾಮವೇನಾಯಿತೆಂದರೆ, ೨೦೦೭ರಲ್ಲಿ ಅದೇ ಊರಿನ ಸಂಶೋಧಕರು ಆಕೆಯ ವಂಶದ ಜೀವಂತ ಬಂಧುಗಳನ್ನು ಹುಡುಕಿ, ಅವರಲ್ಲಿ ರೆಟ್ ಎಂಬ ಜೀನಿನ ದೋಷವಿರುವುದನ್ನು ತೋರಿಸಿದರು. ನೂರಿಪ್ಪತ್ತೊಂದು ವರ್ಷಗಳ ಮೇಲೆ ಆ ವೃತ್ತಾಂತ ಪೂರ್ಣವಾಯಿತು. ಆ ಜೀನಿನ ದೋಷವುಳ್ಳ ಮಕ್ಕಳ ಥೈರಾಯಿಡನ್ನು ಸಕಾಲದಲ್ಲಿ ತೆಗೆದರೆ ಮುಂದೆ ಅದರಲ್ಲಿ ಹುಟ್ಟಬಹುದಾದ ಕ್ಯಾನ್ಸರನ್ನು ತಡೆಯಬಹುದು. ನಮ್ಮ ವೃತ್ತಾಂತಗಳಲ್ಲಿ ಎಷ್ಟನ್ನು ನೂರಿಪ್ಪತ್ತು ವರ್ಷ ಬೇಡ, ಹತ್ತು ವರ್ಷಗಳ ಮೇಲೆ ಹೀಗೆ ಮುಂದುವರಿಸಲು ಸಾಧ್ಯ?

ಬಿಟ್ಟುಹೋಗುವ ವಿವರಗಳಲ್ಲಿ ನಮ್ಮ ಸೀಮೆಗೆ ಮುಖ್ಯವಾದದ್ದು ನೀರು. ಜಗಳೂರು ಹರಪನಹಳ್ಳಿಗಳ ಕಡೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿಮೀರಿದೆಯೆಂಬುದು ಎಲ್ಲರೂ ಬಲ್ಲ ಸಂಗತಿ. ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಮನ್ನು ಮೀರಿದ ನೀರನ್ನು ಬಹುಕಾಲ ಕುಡಿದವರ ಹಲ್ಲು ಕಂದುತ್ತದೆ. ಪ್ರಮಾಣ ಇನ್ನೂ ಹೆಚ್ಚಾದರೆ ಬೆನ್ನು ಬಗ್ಗುತ್ತದೆ, ಕೀಲು ಬಿಗಿಯುತ್ತದೆ, ಮೂಳೆ ನೋಯುತ್ತದೆ. ಅಲ್ಲಿಂದ ಬಂದ ಮಧ್ಯವಯಸ್ಸಿನ ಹೆಂಗಸು ಸೊಂಟ ಹಿಡಿದುಕೊಂಡು ಕುಳಿತರೆ ವೈದ್ಯನು ಹಲ್ಲು ನೋಡುತ್ತಾನೆ, ಊರು ಕೇಳುತ್ತಾನೆ, ಫ್ಲೋರೋಸಿಸ್ ಎನ್ನುತ್ತಾನೆ. ನೂರರಲ್ಲಿ ತೊಂಬತ್ತಕ್ಕೂ ಮೀರಿ ಅವನ ಮಾತು ಸರಿಯಾಗಿರಬಹುದು. ಆದರೆ ಭಾರತದಲ್ಲಿ ಪ್ಯಾರಾಥೈರಾಯಿಡ್ ಗಡ್ಡೆಯ ರೋಗಿಗಳು ಪಾಶ್ಚಾತ್ಯರಂತೆ ಲಕ್ಷಣರಹಿತರಾಗಿ ಬರುವುದಕ್ಕಿಂತ ಮೂಳೆನೋವು ಮೂಳೆಮುರಿತಗಳೊಡನೆ, ಅದೂ ಚಿಕ್ಕ ವಯಸ್ಸಿನಲ್ಲಿಯೇ, ಬರುತ್ತಾರೆಂಬುದು ಹಲವು ದಶಕಗಳ ಅನುಭವ. ಜೊತೆಗೆ ಇನ್ನೊಂದು ಗಡ್ಡೆ: ಕೈಕಾಲಿನ ಮಾಂಸದಲ್ಲೋ ಮೂಳೆಯಲ್ಲೋ ಮೂಗಿನ ಪಕ್ಕದ ಕುಹರದಲ್ಲೋ ಸಣ್ಣದಾಗಿ ಕುಳಿತು, ಎಫ್.ಜಿ.ಎಫ್. ೨೩ ಎಂಬ ಹಾರ್ಮೋನನ್ನು ಸುರಿಸಿ, ರಕ್ತದ ಫಾಸ್ಫೇಟನ್ನು ಮೂತ್ರಕ್ಕೆ ಹರಿಸಿ ಮೂಳೆಯನ್ನು ಮೆತ್ತಗೆ ಮಾಡತಕ್ಕದ್ದು. ೧೯೪೭ರಲ್ಲಿ ಇಂಗ್ಲೆಂಡಿನ ಮಕ್ಯಾನ್ಸ್ ಇಂಥ ಒಬ್ಬ ಹುಡುಗಿಯನ್ನು ವರ್ಣಿಸಿದ್ದನು. ಗಡ್ಡೆಯೇ ಕಾರಣವೆಂದು ಸ್ಪಷ್ಟವಾಗಿ ಹೇಳಿದವನು ೧೯೫೯ರಲ್ಲಿ ಜೂರಿಕ್ಕಿನ ಪ್ರಾಡರ್. ಹಾರ್ಮೋನಿನ ಪಾತ್ರ ತಿಳಿದದ್ದು ೨೦೦೧ರಲ್ಲಿ.

ಮೂರು ರೋಗಗಳೂ ಒಂದೇ ಬೆನ್ನಿನಲ್ಲಿ ಒಂದೇ ನೋವಿನಂತೆ ತೋರುತ್ತವೆ. ಬಿಡಿಸುವುದಕ್ಕೆ ಬೇಕಾದದ್ದು ಮೊದಲ ಹೆಜ್ಜೆಯಲ್ಲಿ ಕ್ಯಾಲ್ಸಿಯಮ್ ಮತ್ತು ಫಾಸ್ಫೇಟ್ ಎಂಬ ಎರಡು ಅಗ್ಗದ ಪರೀಕ್ಷೆಗಳು. ಅವೂ ಸಂಪೂರ್ಣ ನಂಬಿಕೆಗೆ ಅರ್ಹವಲ್ಲ. ಡಿ ಜೀವಸತ್ತ್ವದ ಕೊರತೆಯಿರುವವರಲ್ಲಿ ಏರಬೇಕಾದ ಕ್ಯಾಲ್ಸಿಯಮ್ ಏರದೆ ಮೋಸ ಮಾಡುತ್ತದೆ, ಫ್ಲೋರೈಡೇ ಪ್ಯಾರಾಥೈರಾಯಿಡನ್ನು ಕೆರಳಿಸುವುದೂ ಉಂಟು. ಆದರೂ ಆರಂಭಕ್ಕೆ ಅವು ಸಾಕು. ಆಕೆಯ ಊರಿನ ನೀರೂ ಕೆಟ್ಟದ್ದು, ಕುತ್ತಿಗೆಯಲ್ಲಿ ಗಡ್ಡೆಯೂ ಇದೆ ಎಂದಾದರೆ, ಮೊದಲನೆಯದನ್ನು ಹೇಳಿ ಎರಡನೆಯದನ್ನು ನೋಡದೆ ಕಳುಹಿಸಿದುದರಿಂದ ಆಕೆ ಉಳಿದ ಆಯುಷ್ಯವನ್ನು ಹಾಸಿಗೆಯಲ್ಲಿ ಕಳೆಯಬೇಕಾಗುತ್ತದೆ. ಇಂಥ ಒಬ್ಬಾಕೆಯ ಗಡ್ಡೆ ಸಿಕ್ಕಿ ವೃತ್ತಾಂತ ಪ್ರಕಟವಾದಾಗ ಅದರಲ್ಲಿ ಕುಡಿಯುವ ನೀರಿನ ಮಾತೇ ಇರದಿದ್ದರೆ ಅದು ಜಗಳೂರಿಗೆ ಉಪಯೋಗವಿಲ್ಲದ ಬರೆಹ.

ಮೂಳೆಯ ಮಾತು ಬಂದಾಗ ಹಂದಿಗೋಡನ್ನು ನೆನೆಯದಿರಲಾಗದು. ಅದು ಗಡ್ಡೆಯ ರೋಗವಲ್ಲ. ಆದರೆ ನಮ್ಮ ನಾಡಿನಲ್ಲಿ ಅಲಕ್ಷಿತವಾದ ಜನರ ರೋಗವೊಂದನ್ನು ತಿಳಿದ ಬಗೆಗೆ ಅದು ಸಮೀಪದ ನಿದರ್ಶನ. ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ೧೯೭೪-೭೫ರ ಸುಮಾರಿಗೆ ಕೀಲು ಸೊಂಟಗಳು ಕುಸಿಯುವ ರೋಗವು ಹೊರಜಗತ್ತಿನ ಗಮನಕ್ಕೆ ಬಂದಿತು. ರೋಗಿಗಳು ಪರಿಶಿಷ್ಟ ಜಾತಿಯ ಬಡ ಕೂಲಿಗಾರರು. ಗದ್ದೆಗೆ ಹೊಡೆದ ಕೀಟನಾಶಕದಿಂದ ವಿಷವೇರಿದ ಏಡಿ ಮೀನುಗಳನ್ನು ತಿಂದುದೇ ಕಾರಣವೆಂದು ಮೊದಲು ಶಂಕಿಸಿದರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಬಂದರು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಅಧ್ಯಯನಗಳು ನಡೆದುವು. ವಂಶವೃಕ್ಷಗಳನ್ನು ಬರೆದು ನೋಡಿದಮೇಲೆ ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಮೂಳೆಬೆಳವಣಿಗೆಯ ದೋಷವೆಂಬ ನಿರ್ಣಯಕ್ಕೆ ಬಂದರು. ಒಬ್ಬೊಬ್ಬ ರೋಗಿಯನ್ನು ಆಸ್ಪತ್ರೆಯಲ್ಲಿ ಕೂರಿಸಿಕೊಂಡು ‘ವಿರಳವಾದ ಸಂಧಿವಾತ’ವೆಂದು ಬರೆದಿದ್ದರೆ ಈ ತಿಳಿವಳಿಕೆ ಎಂದಿಗೂ ಬರುತ್ತಿರಲಿಲ್ಲ. ಅಲ್ಲಿ ಅಧ್ಯಯನದ ಘಟಕವಾದದ್ದು ಮನೆ, ಕೇರಿ, ವಂಶ.

ಬ್ರೆಜಿಲಿನಿಂದ ಇದಕ್ಕೆ ಹೊಂದುವ ಒಂದು ಕಥೆಯಿದೆ. ಅದು ಗಡ್ಡೆಯ ಕಥೆಯೇ. ಆ ದೇಶದ ದಕ್ಷಿಣದ ಪರಾನಾ ಪ್ರಾಂತದ ಮಕ್ಕಳಲ್ಲಿ ಅಡ್ರಿನಲ್ಲಿನ ಹೊರತೊಗಟೆಯ ಗಡ್ಡೆಗಳು ಜಗತ್ತಿನ ಬೇರೆಡೆಗಿಂತ ಹತ್ತು ಹದಿನೈದು ಪಟ್ಟು ಹೆಚ್ಚಾಗಿದ್ದುವು. ಅಲ್ಲಿಯೂ ಪರಿಸರದ ವಿಷವಿರಬಹುದೆಂಬ ಶಂಕೆ ಮೊದಲು ಬಂದಿತ್ತು. ೨೦೦೧ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ಪರೀಕ್ಷಿಸಿದ ಮೂವತ್ತಾರು ಮಕ್ಕಳಲ್ಲಿ ಮೂವತ್ತೈದು ಮಂದಿಗೆ ಒಂದೇ ಜೀನಿನ ಒಂದೇ ದೋಷವಿರುವುದು ಗೊತ್ತಾಯಿತು. ಮುಂದೆ ಆ ಪ್ರಾಂತದ ಒಂದು ಲಕ್ಷದ ಎಪ್ಪತ್ತೊಂದು ಸಾವಿರಕ್ಕೆ ಮೇಲ್ಪಟ್ಟ ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ ೪೬೧ ಶಿಶುಗಳು ಆ ದೋಷವನ್ನು ಹೊತ್ತಿದ್ದುವು. ದೋಷವುಳ್ಳವರೆಲ್ಲರಿಗೂ ಗಡ್ಡೆ ಬಾರದು; ಆದರೆ ಅವರ ಮೇಲೆ ಕಣ್ಣಿಟ್ಟಿದ್ದು, ಗಡ್ಡೆಯನ್ನು ಚಿಕ್ಕದಿರುವಾಗಲೇ ತೆಗೆಯಲು ಸಾಧ್ಯವಾಯಿತು. ಜಗತ್ತಿಗೆ ವಿರಳವಾದದ್ದು ಪರಾನಾಕ್ಕೆ ವಿರಳವಲ್ಲ. ನಮ್ಮಲ್ಲಿ ಯಾವುದು ಹಾಗಿದೆಯೆಂದು ಹೇಳುವ ಸ್ಥಿತಿಯಲ್ಲಿ ನಾವಿಲ್ಲ. ಕರ್ನಾಟಕದಲ್ಲಿ ಜನಸಂಖ್ಯೆಯನ್ನಾಧರಿಸಿದ ಮೊದಲ ಕ್ಯಾನ್ಸರ್ ದಾಖಲೆ ೧೯೮೨ರಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಆರಂಭವಾಯಿತು. ಅದು ಬೆಂಗಳೂರಿನ ಜನರದು. ಅಷ್ಟೇ ಅಲ್ಲದೆ ಹಾರ್ಮೋನು ಸ್ರವಿಸುವ ಗಡ್ಡೆಗಳಲ್ಲಿ ಬಹಳಷ್ಟು ಕ್ಯಾನ್ಸರ್ ಅಲ್ಲವಾದ್ದರಿಂದ ಅಂಥ ದಾಖಲೆಯೊಳಗೂ ಅವು ಬರುವುದಿಲ್ಲ.

ಸೋದರಸಂಬಂಧದ ಮದುವೆಯ ವಿಷಯ. ನಮ್ಮ ಸೀಮೆಯ ಯಾವುದೇ ಅಪರೂಪದ ರೋಗವನ್ನು ಕಂಡರೂ ‘ಒಳಮದುವೆಯೇ ಕಾರಣ’ ಎಂದುಬಿಡುವುದು ಒಂದು ಚಾಳಿಯಾಗಿದೆ. ೧೯೮೦ರ ದಶಕದಲ್ಲಿ ಬೆಂಗಳೂರು ಮೈಸೂರುಗಳಲ್ಲಿ ನಡೆದ ಅಧ್ಯಯನಗಳಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಮದುವೆಗಳು ರಕ್ತಸಂಬಂಧದವೆಂದು ಕಂಡಿದ್ದುದು ನಿಜ. ಆದರೆ ಈ ಗಡ್ಡೆಗಳಲ್ಲಿ ವಂಶವಾಹಿಯಾದುವು ಬಹುಪಾಲು ಒಂದೇ ಪೋಷಕರಿಂದ ಬಂದ ಒಂದೇ ದೋಷಪೂರ್ಣ ಜೀನಿನಿಂದ ಉಂಟಾಗತಕ್ಕವು. ತಂದೆತಾಯಿಗಳಿಬ್ಬರಿಂದಲೂ ದೋಷ ಕೂಡಿಬರಬೇಕಾದ ರೋಗಗಳಿಗೆ ಸೋದರಿಕೆಯ ಮದುವೆ ಕಾರಣವಾಗಬಹುದೇ ಹೊರತು ಇವುಗಳಿಗೆ ಆ ವಿವರಣೆ ಸಲ್ಲದು. ಬೇಕಾದದ್ದು ಇನ್ನೊಂದು ಪ್ರಶ್ನೆ: ಬಹುಕಾಲ ತಮ್ಮೊಳಗೇ ಮದುವೆಯಾಗುತ್ತ ಬಂದ ಯಾವ ಸಮುದಾಯದ ಯಾವ ಪೂರ್ವಿಕನಿಂದ ಯಾವ ದೋಷ ಹಬ್ಬಿದೆ? ೨೦೧೭ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದಕ್ಷಿಣ ಏಷ್ಯದ ಸುಮಾರು ೨೬೦ ಸಮುದಾಯಗಳನ್ನು ಪರಿಶೀಲಿಸಿ, ೮೧ರಲ್ಲಿ ಇಂಥ ಮೂಲಪುರುಷಪ್ರಭಾವವು ಫಿನ್ಲೆಂಡಿನವರಿಗಿಂತಲೂ ಬಲವಾಗಿದೆಯೆಂದು ತೋರಿಸಿದ್ದಾರೆ. ಒಳಮದುವೆಯ ಮೇಲೆ ಹೊರೆ ಹೊರಿಸುವ ವಾಕ್ಯ ರೋಗಿಯ ಮನೆಯವರಿಗೆ ಅಪಮಾನ ಮಾಡುತ್ತದೆ; ಅಷ್ಟೇ ಸಾಲದೆಂಬಂತೆ ಹುಡುಕಬೇಕಾದ ದಿಕ್ಕನ್ನೂ ಮುಚ್ಚುತ್ತದೆ.

ಹರಿಹರ ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದ ಉಕ್ಕಡಗಾತ್ರಿಗೆ ‘ಗಾಳಿ ಸೋಕಿದವರು’ ಎನ್ನಲಾದವರನ್ನು ಕರೆತರುವ ಪದ್ಧತಿ ಎಲ್ಲರಿಗೂ ತಿಳಿದದ್ದು. ಕರಿಬಸವೇಶ್ವರ ಗದ್ದುಗೆಯ ಮೇಲಿನ ಜನರ ಶ್ರದ್ಧೆಯನ್ನು ಕುರಿತು ಇಲ್ಲಿ ಏನನ್ನೂ ಹೇಳುವ ಉದ್ದೇಶವಿಲ್ಲ. ವೈದ್ಯನ ದೃಷ್ಟಿಯಿಂದ ಒಂದು ಸಾಧ್ಯತೆಯನ್ನು ಮಾತ್ರ ಸೂಚಿಸಬೇಕಾಗಿದೆ. ಇನ್‌ಸುಲಿನೋಮ ಎಂಬ ಮೇದೋಜೀರಕದ ಗಡ್ಡೆಯು ಹೊತ್ತುಗೊತ್ತಿಲ್ಲದೆ ಇನ್‌ಸುಲಿನನ್ನು ಸುರಿಸಿ ರಕ್ತದ ಸಕ್ಕರೆಯನ್ನು ಇಳಿಸುತ್ತದೆ. ನಸುಕಿನಲ್ಲಿ, ಊಟ ತಡವಾದಾಗ, ಉಪವಾಸದ ದಿನ ರೋಗಿ ಬೆವರುತ್ತಾನೆ, ಅಸಂಬದ್ಧವಾಗಿ ಮಾತನಾಡುತ್ತಾನೆ, ಮನೆಯವರನ್ನು ಗುರುತಿಸುವುದಿಲ್ಲ, ಮೂರ್ಛೆಹೋಗುತ್ತಾನೆ. ಏನಾದರೂ ಸಿಹಿ ಬಾಯಿಗೆ ಬಿದ್ದರೆ ಸ್ವಲ್ಪ ಹೊತ್ತಿನಲ್ಲಿ ಏನೂ ಆಗದವನಂತೆ ಏಳುತ್ತಾನೆ, ನಡೆದದ್ದು ನೆನಪಿರುವುದಿಲ್ಲ. ವ್ರತದ ದಿನ ಉಲ್ಬಣ, ಪ್ರಸಾದದಿಂದ ಶಮನ: ಇದಕ್ಕಿಂತ ಚೆನ್ನಾಗಿ ದೈವದ ಲೀಲೆಯೆಂದು ತೋರುವ ರೋಗ ಇನ್ನಾವುದಿದೆ? ಆಸ್ಪತ್ರೆಗಳಲ್ಲಿಯೂ ಇವರಿಗೆ ಅಪಸ್ಮಾರವೆಂದು, ಮನೋರೋಗವೆಂದು ವರ್ಷಗಟ್ಟಲೆ ಔಷಧ ನಡೆಯುವುದು ಎಲ್ಲ ದೇಶಗಳ ಅನುಭವ. ೧೯೩೦ರ ದಶಕದಲ್ಲಿ ನ್ಯೂಯಾರ್ಕಿನ ವಿಪಲ್ ಹೇಳಿದ ಮೂರು ಲಕ್ಷಣಗಳೇ ಇಂದಿಗೂ ನಿರ್ಣಯದ ಆಧಾರ: ಇಂಥ ಬಾಧೆ, ಆ ಹೊತ್ತಿನಲ್ಲಿ ಸಕ್ಕರೆ ಇಳಿದಿರುವುದು, ಸಕ್ಕರೆ ಕೊಟ್ಟಮೇಲೆ ಚೇತರಿಕೆ. ಮುಖ್ಯವಾದ ಪದ ‘ಆ ಹೊತ್ತಿನಲ್ಲಿ’ ಎಂಬುದು. ಬೆರಳಿನ ತುದಿಯಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡುವ ಚಿಕ್ಕ ಯಂತ್ರ ಇಂದು ಹಳ್ಳಿಗಳಲ್ಲಿಯೂ ಇದೆ. ಮಧುಮೇಹಿಗಳ ಏರಿದ ಸಕ್ಕರೆಯನ್ನು ನೋಡಲು ಅದನ್ನು ಬಳಸುತ್ತೇವೆ, ಇಳಿದ ಸಕ್ಕರೆಯನ್ನು ಹುಡುಕಲು ಬಳಸುವ ಯೋಚನೆ ಹುಟ್ಟಿಲ್ಲ. ಹತ್ತು ಲಕ್ಷಕ್ಕೆ ವರ್ಷಕ್ಕೆ ಒಂದರಿಂದ ನಾಲ್ಕರಷ್ಟಿರುವ ಈ ಗಡ್ಡೆ ನಿಜವಾಗಿಯೂ ವಿರಳವೆಂಬುದನ್ನು ಒಪ್ಪಬೇಕು. ಜಾತ್ರೆಯಲ್ಲಿ ಸೇರಿದವರಲ್ಲಿ ಹಲವರಿಗೆ ಇದಿರುತ್ತದೆಂದು ಯಾರೂ ಹೇಳಲಾರರು. ಸಿಕ್ಕಿದ ಒಬ್ಬನ ವೃತ್ತಾಂತದಲ್ಲಾದರೂ ಅವನು ಆಸ್ಪತ್ರೆಗೆ ಮೊದಲು ಎಲ್ಲೆಲ್ಲಿಗೆ ಹೋಗಿದ್ದನೆಂಬುದು, ಅಲ್ಲಿ ಏನು ತಿಂದಮೇಲೆ ಚೇತರಿಸಿಕೊಂಡನೆಂಬುದು ಇರಬೇಡವೆ? ಮೂಢನಂಬಿಕೆಯೆಂದು ನಾಚಿ ಬಿಟ್ಟುಬಿಡುವ ಆ ಭಾಗದಲ್ಲಿಯೇ ವಿಪಲ್ಲನ ಮೂರನೆಯ ಲಕ್ಷಣ ಅಡಗಿರುತ್ತದೆ.

ಕೊನೆಯದಾಗಿ ಭಾಷೆಯ ಒಂದು ಅಂಶ. ‘ಕುಟುಂಬದಲ್ಲಿ ಇಂಥ ರೋಗದ ಇತಿಹಾಸವಿಲ್ಲ’ ಎಂಬ ಒಂದು ಸಾಲು ಬಹುಮಟ್ಟಿಗೆ ಎಲ್ಲ ವೃತ್ತಾಂತಗಳಲ್ಲಿಯೂ ಇರುತ್ತದೆ. ಫಿಯೋಕ್ರೋಮೋಸೈಟೋಮ ಮತ್ತು ಅದರ ದಾಯಾದಿಯಾದ ಪ್ಯಾರಾಗ್ಯಾಂಗ್ಲಿಯೋಮಗಳಲ್ಲಿ ಮೂರರಲ್ಲಿ ಒಂದರಷ್ಟು ವಂಶವಾಹಿಯಾದುವೆಂಬುದು ಈಗ ಸಿದ್ಧವಾದ ವಿಷಯ. ಇವುಗಳಲ್ಲಿ ೨೦೦೦ದಲ್ಲಿ ಪತ್ತೆಯಾದ ಎಸ್.ಡಿ.ಎಚ್.ಡಿ. ಎಂಬ ಜೀನಿನ ನಡತೆ ವಿಚಿತ್ರವಾದದ್ದು. ದೋಷವು ತಂದೆಯಿಂದ ಬಂದರೆ ಮಗುವಿಗೆ ರೋಗವುಂಟಾಗಬಹುದು. ತಾಯಿಯಿಂದ ಬಂದರೆ ಸಾಮಾನ್ಯವಾಗಿ ಉಂಟಾಗುವುದಿಲ್ಲ. ಆದ್ದರಿಂದ ಅದು ಒಂದು ತಲೆಮಾರು ಮರೆಯಾಗಿದ್ದು ಮುಂದಿನದರಲ್ಲಿ ತಲೆಯೆತ್ತುತ್ತದೆ. ತಂದೆಯ ಕಡೆಯೆ, ತಾಯಿಯ ಕಡೆಯೆ ಎಂಬುದೇ ಇಲ್ಲಿ ನಿರ್ಣಾಯಕ. ದಾವಣಗೆರೆಯ ಹೊರರೋಗಿ ವಿಭಾಗದಲ್ಲಿ ಕುಳಿತ ರೋಗಿ ‘ನಮ್ಮ ಚಿಕ್ಕಪ್ಪನಿಗೂ ಹೀಗೇ ಎದೆ ಹೊಡಕೊಂಡು ಬೆವರು ಕಿತ್ಕೊಂಡು ಬರ್ತಿತ್ತು’ ಎನ್ನುತ್ತಾನೆ, ಇಲ್ಲವೆ ‘ಸೋದರಮಾವನಿಗೆ’ ಎನ್ನುತ್ತಾನೆ. ವಿದ್ಯಾರ್ಥಿ ಎರಡನ್ನೂ ‘ಅಂಕಲ್’ ಎಂದು ಬರೆದುಕೊಳ್ಳುತ್ತಾನೆ. ದೊಡ್ಡಪ್ಪ, ಚಿಕ್ಕಪ್ಪ, ಸೋದರತ್ತೆ, ಚಿಕ್ಕಮ್ಮ, ಸೋದರಮಾವ ಎಂದು ನಮ್ಮ ಭಾಷೆ ಕಡೆಗಳನ್ನು ಬೇರೆಬೇರೆಯಾಗಿ ಎಣಿಸಿಟ್ಟ ವಂಶಾವಳಿಯನ್ನು ಒಂದು ಪರಭಾಷಾಪದ ಅಳಿಸಿಹಾಕುತ್ತದೆ. ಆಮೇಲೆ ಅದನ್ನು ಮತ್ತೆ ಪಡೆಯಲು ದುಬಾರಿಯಾದ ಜೀನುಪರೀಕ್ಷೆಗೆ ರಕ್ತವನ್ನು ದೂರದ ನಗರಕ್ಕೆ ಕಳುಹಿಸುತ್ತೇವೆ. ಸೋದರಮಾವನನ್ನೇ ಮದುವೆಯಾದ ಮನೆಗಳಲ್ಲಿ ಒಬ್ಬನೇ ವ್ಯಕ್ತಿ ಎರಡು ಸಂಬಂಧಗಳಲ್ಲಿ ಬರುತ್ತಾನೆ. ಅಲ್ಲಂತೂ ಕನ್ನಡದ ಪದಗಳಿಲ್ಲದೆ ಗೆರೆಯೆಳೆಯುವುದೇ ಆಗದು.

ಊರು, ಸಮುದಾಯ, ಬಂಧುಗಳು ಎಲ್ಲವನ್ನೂ ಮುದ್ರಿಸಿದರೆ ರೋಗಿಯ ಗುರುತು ಬಯಲಾಗುವುದಿಲ್ಲವೆ ಎಂಬ ಆಕ್ಷೇಪಣೆ ಬರಬಹುದು. ಅದು ತಳ್ಳಿಹಾಕತಕ್ಕ ಆಕ್ಷೇಪಣೆಯಲ್ಲ. ಹಂದಿಗೋಡಿನ ಜನರಿಗೆ ಊರಿನ ಹೆಸರೇ ರೋಗದ ಹೆಸರಾಗಿ ಅಂಟಿಕೊಂಡಿದೆ. ಆದರೆ ಮುದ್ರಿಸುವುದು ಬೇರೆ, ದಾಖಲಿಸುವುದು ಬೇರೆ. ತಾಲ್ಲೂಕಿನ ಹೆಸರು, ನೀರಿನ ಮೂಲ, ರೋಗ ಆರಂಭವಾದಂದಿನಿಂದ ನಿರ್ಣಯದವರೆಗಿನ ಕಾಲ, ಅದೇ ಅವಧಿಯಲ್ಲಿ ಅದೇ ಪರೀಕ್ಷೆಗೆ ಒಳಗಾಗಿ ಗಡ್ಡೆಯಿಲ್ಲವೆಂದು ಕಂಡವರ ಸಂಖ್ಯೆ, ಇಷ್ಟು ಮುದ್ರಣದಲ್ಲಿ ಬಂದರೆ ಯಾರ ಗುರುತೂ ಬಯಲಾಗದು. ವಂಶಾವಳಿಯೂ ಊರಿನ ಹೆಸರೂ ರೋಗಿಯ ಒಪ್ಪಿಗೆಯೊಡನೆ ವಿಭಾಗದ ಬೀರುವಿನೊಳಗಿನ ಒಂದು ಪುಸ್ತಕದಲ್ಲಿರಲಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧಗಳನ್ನು ಒಪ್ಪಿಸುತ್ತಿರುತ್ತಾರೆ. ಚಿಕಿತ್ಸೆಗೆ ಬಗ್ಗದ ರಕ್ತದೊತ್ತಡದ ಇನ್ನೂರು ರೋಗಿಗಳಲ್ಲಿ ಆಲ್ಡೊಸ್ಟೆರಾನ್ ರೆನಿನ್‌ಗಳನ್ನು ಅಳೆದು, ಮೂಳೆನೋವಿನ ಇನ್ನೂರು ರೋಗಿಗಳಲ್ಲಿ ಕ್ಯಾಲ್ಸಿಯಮ್ ಫಾಸ್ಫೇಟುಗಳನ್ನೂ ಅವರು ಕುಡಿಯುವ ನೀರಿನ ಫ್ಲೋರೈಡನ್ನೂ ಅಳೆದು, ಗಡ್ಡೆ ಎಷ್ಟು ಮಂದಿಯಲ್ಲಿ ಸಿಕ್ಕಿತು, ಎಷ್ಟು ಮಂದಿಯಲ್ಲಿ ಸಿಗಲಿಲ್ಲ ಎಂದು ಬರೆದ ಎರಡು ಪ್ರಬಂಧಗಳು ಎಂ.ಸಿ.ಸಿ. ಬಡಾವಣೆಯ ಗ್ರಂಥಭಂಡಾರಕ್ಕೆ ಸೇರಿದರೆ, ‘ಅಪೂರ್ವ’ವೆಂದು ಬರೆಯಬೇಕೆ ‘ವಿರಳ’ವೆಂದು ಬರೆಯಬೇಕೆ ಎಂಬುದನ್ನು ಅನಂತರದ ಲೇಖಕರು ಅವುಗಳನ್ನು ನೋಡಿ ತೀರ್ಮಾನಿಸಬಹುದು.